ಓಣಿಗೆ ಹೇಳಿಕೊಟ್ಟ ಪಾಠ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ, ನಾವು ಹೈದರಾಬಾದಿನಿಂದ ಊರಿಗೆ ಕರೆತರುತ್ತಿದ್ದ ಹುಡುಗಿ ಜನದ ನಡುವೆ ತಪ್ಪಿಹೋಗಬಹುದಿತ್ತು. ಅವಳನ್ನು ಮಾರಿದ ಹೆಂಗಸೇ ಅದೇ ಡಬ್ಬಿಗೆ ಹತ್ತಿ ನಮ್ಮೆದುರು ಕೂಡಬಹುದಿತ್ತು. ಹರೆಯದ ಹುಡುಗಿಯ ಪಕ್ಕದಲ್ಲಿ ನನ್ನಂಥ ಬೋಳುತಲೆಯವನನ್ನು ಕಂಡು ಪೊಲೀಸರು ನನ್ನನ್ನೇ ಒಳಗೆ ಹಾಕಬಹುದಿತ್ತು. ಇದೊಂದಕ್ಕಾಗಿಯೇ ಹೆಂಡತಿಯನ್ನೂ ಹೈದರಾಬಾದಿಗೆ ಹೊರಡಿಸಿಕೊಂಡು ಹೋಗಿದ್ದೆ. ನಾರಾಯಣಪೇಟೆ ರೋಡ್ ಸ್ಟೇಷನ್ನಿನಲ್ಲಿ ಟಾಂಗಾ ಸಿಗದೇ ಹೋಗಬಹುದಿತ್ತು, ಸಿಕ್ಕರೆ ಅದರ ಗಾಲಿ ಕಳಚಬಹುದಿತ್ತು. ಅವಳ ಚಿಕ್ಕವ್ವ ಬಾಗಿಲು ಹಾಕಿಕೊಳ್ಳಬಹುದಿತ್ತು. ತೆರೆದರೂ ಓಣಿಯವರು ಕಟ್ಟೆಯ ಮೇಲೆ ಸಾಲಾಗಿ ಕೂತು, ಎಲ್ಲಿದ್ದೆ, ಯಾರ ಹತ್ತಿರ ಇದ್ದೆ ಎಂದು ಕೇಳಿ ಕೇಳಿ ಅವಳನ್ನು ಊರು ಬಿಡಿಸಬಹುದಿತ್ತು.

“ನಿಮ್ಮ ಕಾಳಜಿ ಎಲ್ಲಾ ಬಂಡಿಗೆ ಹೇರಿದ್ರ ಎತ್ತು ಮ್ಯಾಲಕ್ಕ ಏಳಂಗಿಲ್ಲ,” ಎಂದಳು ಹೆಂಡತಿ, ಗಾಡಿಯಲ್ಲಿ ಅವಲಕ್ಕಿ ಹಂಚುತ್ತ. ಹುಡುಗಿ ಮೊದಲ ಸಲ ನಕ್ಕಳು. ನನ್ನ ಕಾಳಜಿಯಿಂದ ಯಾರಿಗಾದರೂ ಆದ ಉಪಕಾರ ಬಹುಶಃ ಅದೊಂದೇ.

ರಜಾಕಾರರ ಗದ್ದಲದಲ್ಲಿ ನಮ್ಮ ಕಡೆಯ ಎಷ್ಟೋ ಮನೆಯವರು ರಾಜೋಳಿಯ ಹತ್ತಿರ ತುಂಗಭದ್ರೆ ದಾಟಿ ಕರ್ನೂಲಿನ ಕಡೆ ಹೋಗುತ್ತಿದ್ದರು. ತಾಯಿತಂದೆ ಇಲ್ಲದ ಈ ಹುಡುಗಿಯನ್ನು, ತಾನೂ ದಾಟುತ್ತಿದ್ದೇನೆ, ಜೊತೆಗೆ ಕರೆದೊಯ್ಯುತ್ತೇನೆ ಎಂದು ಪರಿಚಯದ ಹೆಂಗಸೊಬ್ಬಳು ಕೇಳಿದಳು. ಚಿಕ್ಕವ್ವ ನಂಬಿ ಬುತ್ತಿ ಕಟ್ಟಿ ಕಳಿಸಿದಳು. ಹುಡುಗಿ ಹೊಳೆ ನೋಡಲೇ ಇಲ್ಲ. ಆ ಹೆಂಗಸು ಅವಳನ್ನು ಹೈದರಾಬಾದಿಗೆ ಒಯ್ದು ಮಾರಿದಳು. ಪೊಲೀಸ್ ಆ್ಯಕ್ಷನ್ ಆಗಿ ಎರಡು ಮಳೆಗಾಲ ಕಳೆದ ಮೇಲೆ, ಅವಳನ್ನು ಬಿಡಿಸಿ ಅಲ್ಲಿನ ಒಂದು ಆಶ್ರಮದಲ್ಲಿ ಇಟ್ಟಿದ್ದಾರೆಂದು ಸುದ್ದಿ ಬಂತು. ಚಿಕ್ಕವ್ವ ಸೀದಾ ನಾನಿದ್ದ ಶಾಲೆಗೆ ಬಂದಳು.

“ಮಾಸ್ತರ್ರ, ಕೂಸು ಮನಿಗಿ ಬಂದು ನನ್ನ ಕಣ್ಣ ಮುಂದ ಮಗ್ಗದ ಕಂಡಿಕಿಗೆ ನೂಲು ಸುತ್ತಕೋಂತ ಇದ್ರ ಸಾಕ್ರಿ. ಮತ್ತೇನೂ ಬ್ಯಾಡ್ರಿ.”

ಹುಡುಗಿಯೂ ಅಷ್ಟನ್ನೇ ಬಯಸಿದ್ದಳು. ತನ್ನ ನೇಕಾರ ಓಣಿಯಲ್ಲಿ ಮೊದಲಿನಂತೆ ಇರುವುದು.

ಆಗ ನಾವು ಕೆಲವರು ಮಕ್ತಲದ ಸಂತೆಯಲ್ಲಿ, ಗದ್ವಾಲದ ಮಗ್ಗದ ಓಣಿಗಳಲ್ಲಿ ನಿಂತು, ದೂರದ ಊರಲ್ಲಿ ಕೆಲಸ, ಖರ್ಚಿಲ್ಲದ ಮದುವೆ ಎಂದು ಬರುವವರ ಕೂಡ ಹೆಣ್ಣುಮಕ್ಕಳನ್ನು ಕಳಿಸಬೇಡಿರಿ ಎಂದು ಹೇಳುತ್ತ ತಿರುಗುತ್ತಿದ್ದೆವು. ನಾನು ತೆಲುಗಿನಲ್ಲಿ ಶುರು ಮಾಡಿ, ಶಬ್ದ ತೀರಿದಲ್ಲಿ ಕನ್ನಡಕ್ಕೆ ಬರುತ್ತಿದ್ದೆ. ಜನ ಮರ್ಯಾದೆಯಿಂದ ಕೇಳಿ, ಇಂಥದ್ದು ಪಕ್ಕದ ಊರಲ್ಲಿ ಮಾತ್ರ ನಡೆಯುತ್ತದೆಂದುಕೊಂಡು ಎದ್ದು ಹೋಗುತ್ತಿದ್ದರು. ಹುಡುಗಿಯ ಓಣಿಗಾದರೂ ಸರಿಯಾಗಿ ಹೇಳಬೇಕೆಂದು, ಅವಳು ಬರುವ ಮುಂಚೆ ಮನೆಮನೆಗೆ ಹೋದೆ. ಹುಡುಗಿಗೆ ಏನನ್ನೂ ಕೇಳಬೇಡಿರಿ ಎಂದೆ.

ಮೂಲೆ ಮನೆಯ ಮುದುಕಿ ಎಲೆಯಡಿಕೆ ಕುಟ್ಟುವುದು ಬಿಟ್ಟು ನನ್ನನ್ನು ನೋಡಿದಳು. “ಬಾಯಿಗಿ ಕುಕ್ಕಿ ಕಟ್ಟಿಕೊಳ್ಳಾಕ ನಾವೇನು ಎತ್ತೇನೋ ಮಾಸ್ತರ?”

“ಹಂಗಲ್ಲಬೇ ಆಯಿ. ಕೇಳಿದ್ರ ಆ ಹುಡುಗಿ ನೊಂದುಕೊಂತಾಳ.”

“ಆತು ಬಿಡಪ್ಪ, ಒಂದ ಮಾತೂ ಕೇಳಂಗಿಲ್ಲ. ನಿನ್ನ ಆಣಿ.”

ಆಣೆ ನನ್ನ ಮೇಲೆ ಬಿದ್ದದ್ದು ನನಗೆ ಇನ್ನೊಂದು ಕಾಳಜಿಯಾಯಿತು.

ವಾಡಿಯಲ್ಲಿ ಯಾರೂ ತಪ್ಪಿಹೋಗಲಿಲ್ಲ. ಟಾಂಗಾದ ಗಾಲಿ ಗಟ್ಟಿಯಾಗಿತ್ತು. ಚಿಕ್ಕವ್ವ ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡು ಅತ್ತಳು. ಓಣಿ ಕೊಟ್ಟ ಮಾತು ಉಳಿಸಿಕೊಂಡಿತು. ಬಾವಿಯಲ್ಲಿ ಹೆಂಗಸರು ಅವಳಿಗೆ ದಾರಿ ಬಿಟ್ಟು, ಕೊಡ ಎತ್ತಿ ಸೊಂಟಕ್ಕೆ ಕೊಟ್ಟು, ತುಟಿ ಬಿಚ್ಚದೆ ನಿಲ್ಲುತ್ತಿದ್ದರು. ನನ್ನ ಯಾವ ತರಗತಿಯೂ ಪಾಠವನ್ನು ಹೀಗೆ ಕಲಿತಿರಲಿಲ್ಲ. ಸಂಜೆ ಬೇಕೆಂತಲೇ ಆ ಓಣಿ ಹಿಡಿದು, ಎದೆ ಸ್ವಲ್ಪ ಮುಂದೆ ಮಾಡಿ ಮನೆಗೆ ಹೋಗುತ್ತಿದ್ದೆ.

ದಸರೆಯ ಹೊತ್ತಿಗೆ ಚಿಕ್ಕವ್ವ ಮತ್ತೆ ಶಾಲೆಗೆ ಬಂದಳು. “ಗದ್ವಾಲಕ್ಕ ಹೋಗ್ತಾಳಂತ್ರಿ, ಮಗ್ಗದ ಕೂಲಿಗಿ. ನನ್ನ ಮಾತು ಕೇಳವಲ್ಲಳು.”

ಯಾರು ಏನೆಂದರೋ, ಅವಳನ್ನು ಮಾರಿದ ಆ ಹೆಂಗಸು ಕಣ್ಣಿಗೆ ಬಿದ್ದಳೋ ಎಂದು ದಾರಿಯುದ್ದಕ್ಕೂ ಎಣಿಸುತ್ತ ಓಡಿದೆ. ಹುಡುಗಿ ರಾಟೆ ನಿಲ್ಲಿಸಲಿಲ್ಲ.

“ಯಾರೂ ಏನೂ ಅಂದಿಲ್ರಿ.”

“ಮತ್ತ ಯಾಕವ್ವ?”

“ನೀರಿಗಿ ಹೊಂಟಾಗ ನನ್ನ ಮುಂದಿನಾಕಿಗಿ, ಎಲ್ಲಿಗಿ ಹೊಂಟಿಯವ್ವ ಅಂತಾರ. ಹಿಂದಿನಾಕಿಗಿ, ಏನು ಪಲ್ಯ ಮಾಡಿದಿ ಅಂತಾರ. ನಡುವ ನಾ ದಾಟೂತನ ಸುಮ್ಮನಾಗ್ತಾರ್ರಿ. ಹೆಣ ಹೊಂಟಾಗ ಸುಮ್ಮನಾಗ್ತಾರಲ್ರೀ, ಹಂಗ.”

“ಕೇಳಬ್ಯಾಡ್ರಿ ಅಂತ ನಾನ ಹೇಳಿದ್ದೆ…”

“ಗೊತ್ತೈತ್ರಿ. ನನ್ನ ಚಲೋದಕ್ಕ ಹೇಳೀರಿ.” ಅವಳಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಅಂದೇ ಮತ್ತೆ ಮನೆಮನೆಗೆ ಹೋಗಿ, ಮಾತಾಡಿಸಿರಿ ಎಂದು ಬೇಡಿಕೊಂಡೆ. ಮೂಲೆ ಮನೆಯ ಮುದುಕಿ ಉರಿದುಬಿದ್ದಳು. “ಏನು ಕೇಳಬೇಕು, ಏನು ಬಿಡಬೇಕು, ನೀನ ಹೇಳಿಕೊಡೋ ಮಾರಾಯ. ನಮಗ ಬರತಿದ್ದದ್ದೂ ಮರಸಿ ಕುಂತಿ.” ಮರುದಿನ ಬಾವಿಯಲ್ಲಿ ಅವರು ಒಬ್ಬರಾದ ಮೇಲೊಬ್ಬರು, ಇನ್‌ಸ್ಪೆಕ್ಟರ ಮುಂದೆ ಮಗ್ಗಿ ಒಪ್ಪಿಸುವ ಹುಡುಗರಂತೆ ಅವಳನ್ನು ಮಾತಾಡಿಸಿದರು. ಅವಳು ಎಲ್ಲರಿಗೂ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಳು. ಆ ವಾರವೇ ಚಿಕ್ಕವ್ವ ಅವಳನ್ನು ಹರಿಗೋಲಿನಲ್ಲಿ ಕೃಷ್ಣೆ ದಾಟಿಸಿ ಗದ್ವಾಲಕ್ಕೆ ಬಿಟ್ಟು, ಒಬ್ಬಳೇ ತಿರುಗಿ ಬಂದಳು.

ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಒಂದು ಇಡೀ ಮಳೆಗಾಲ, ಅವಳು ಹುಟ್ಟಿ ಬೆಳೆದ ಓಣಿಯಲ್ಲಿ, ಉಂಡಿಯೇನವ್ವ ಎಂದು ಅವಳನ್ನು ಒಬ್ಬರೂ ಕೇಳಲಿಲ್ಲ. ಅಷ್ಟೇ ಆದದ್ದು.