ಕೆಸುವಿನೆಲೆಯ ಬೆನ್ನಿಗೆ ಬರೆದ ಕವಿತೆ

ಬಂಟ್ವಾಳದ ಫ್ಲೆಕ್ಸ್ ಅಂಗಡಿಯಲ್ಲಿ ನನ್ನ ಕೆಲಸ ಮುಖ ಬೆಳ್ಳಗೆ ಮಾಡುವುದು. ಹುಟ್ಟುಹಬ್ಬದ ಮುಖಂಡರೇ ಇರಲಿ, ಗೃಹಪ್ರವೇಶದ ಯಜಮಾನರೇ ಇರಲಿ, ಕಂಪ್ಯೂಟರಿನಲ್ಲಿ ಹತ್ತು ವರ್ಷ ಇಳಿಸಿ ಕಳುಹಿಸುತ್ತೇನೆ. ಅವರು ಬಾಗಿಲು ದಾಟಿದ ಕೂಡಲೇ ಅವರದೇ ಸ್ವರದಲ್ಲಿ ಮಾತಾಡಿ ಜೊತೆಯವರನ್ನು ನಗಿಸುವುದು ಸಂಬಳವಿಲ್ಲದ ಕೆಲಸ. ಇಂಥ ನಾನು ಕಳೆದ ಮಳೆಗಾಲದಲ್ಲಿ ಕಲಾವಿದನಾಗಲು ಹೊರಟೆ.

ಮೂಡುಬಿದಿರೆಯಲ್ಲಿ ಡಿಜಿಟಲ್ ಚಿತ್ರಗಳ ಪ್ರದರ್ಶನವಿತ್ತು. ಪ್ರಕೃತಿ ಮತ್ತು ಕವಿತೆ ಎಂಬುದು ವಿಷಯ. ಪ್ರಕೃತಿಗೆ ನಮ್ಮಲ್ಲಿ ಬರವಿಲ್ಲ. ಕವಿತೆಗೆ ಕಕ್ಕಿಂಜೆಯಲ್ಲಿ ನನ್ನ ಅಮ್ಮನ ಅಕ್ಕ, ಅಂದರೆ ದೊಡ್ಡಮ್ಮ ಇದ್ದರು. ಬೈಯುವುದು ತುಳುವಿನಲ್ಲಿ, ಬರೆಯುವುದು ಕನ್ನಡದಲ್ಲಿ, ಅದೂ ಮಕ್ಕಳ ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಹಾಳೆಗಳಲ್ಲಿ. ಯಾರಿಗೂ ತೋರಿಸಿದವರಲ್ಲ. ನಾನು ದೊಡ್ಡಪ್ಪನ ಸ್ವರದಲ್ಲಿ ಕೇಳಿದೆ, ಬಸ್ ಕಂಡಕ್ಟರನ ಸ್ವರದಲ್ಲಿ ಕೇಳಿದೆ, ಗಿಟ್ಟಲಿಲ್ಲ. ನನ್ನ ಸ್ವರದಲ್ಲಿ ಕೇಳಿದ ಮೇಲೆ ಒಂದು ಹಾಳೆ ಹರಿದು ಕೊಟ್ಟರು.

"ಜನ ನಗಾಡಿದರೆ ಉಳಿದದ್ದನ್ನೆಲ್ಲ ಒಲೆಗೆ ಹಾಕ್ತೇನೆ. ಒಂದೂ ಬಿಡುವುದಿಲ್ಲ."

ತಮಾಷೆ ಯಾವುದು, ಅಲ್ಲದ್ದು ಯಾವುದು ಎಂದು ನನ್ನಂಥವನಿಗೂ ತಿಳಿಯುತ್ತದೆ. ಇದು ತಮಾಷೆಯಲ್ಲ.

ಕೆಸುವಿನ ಎಲೆಯೊಂದನ್ನು ಸ್ಕ್ಯಾನ್ ಮಾಡಿ, ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಕವಿತೆ ಜೋಡಿಸಿ, ಒಂದು ಇಬ್ಬನಿ ಹನಿಯನ್ನೂ ಅಂಟಿಸಿ ಕಳುಹಿಸಿದೆ. ಪ್ರದರ್ಶನದ ಹೊಣೆ ಹೊತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಫೋನ್ ಮಾಡಿದರು.

"ಇದು ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುವ ಶುಭೋದಯದ ಹಾಗೆ ಉಂಟಲ್ಲ ಮಾರಾಯ! ಎಲೆ ಒಂದು ಕಡೆ, ಕವಿತೆ ಒಂದು ಕಡೆ. ಶನಿವಾರದೊಳಗೆ ಸರಿ ಮಾಡು, ಇಲ್ಲದಿದ್ದರೆ ಬೇಡ."

ಅವರು ಮೂಗಿನಲ್ಲಿ ಮಾತಾಡುವವರು. ಅದನ್ನು ಅಂಗಡಿಯಲ್ಲಿ ಅಣಕಿಸಿ ತೋರಿಸಿದೆ, ಎಲ್ಲರೂ ನಕ್ಕರು. ಅವರು ಹೇಳಿದ್ದು ಸರಿಯಿದ್ದುದರಿಂದ ನನಗೊಬ್ಬನಿಗೆ ನಗು ಬರಲಿಲ್ಲ.

ಶುಕ್ರವಾರ ಕಕ್ಕಿಂಜೆಗೆ ಹೋದೆ. ದೊಡ್ಡಮ್ಮ ಹಿಟ್ಟು ಹಚ್ಚಿ, ಸುತ್ತಿ ಬೇಯಿಸುವ ಪತ್ರೊಡೆಗೆ ಕೆಸುವಿನ ಎಲೆ ಹರಡಿಕೊಂಡು ಕೂತಿದ್ದರು. ಚಿತ್ರ ತೋರಿಸಿದೆ.

"ಇದು ಎಲೆಯ ಯಾವ ಬದಿ?"

"ಮೇಲಿನ ಬದಿ. ಹಸಿರು ಚೆಂದ ಉಂಟಲ್ಲ ದೊಡ್ಡಮ್ಮ?"

"ನೀರೇ ನಿಲ್ಲದ ಬದಿಯಲ್ಲಿ ನಿನ್ನ ಅಕ್ಷರ ನಿಲ್ತದಾ? ಇಷ್ಟು ವರ್ಷ ಪತ್ರೊಡೆ ತಿಂದೆ, ಹಿಟ್ಟು ಎಲ್ಲಿಗೆ ಸವರ್ತಾರೆ ಅಂತ ನೋಡಲಿಲ್ವಾ?"

ಎಲೆಯನ್ನು ಕವುಚಿ ಹಾಕಿ ಹಿಟ್ಟು ಸವರಿದರು. ಮಾಸಲು ಹಸಿರಿನ ಆ ಬೆನ್ನಿನಲ್ಲಿ ನರಗಳು ಉಬ್ಬಿ, ತೊಟ್ಟಿನಿಂದ ಹೊರಟು ಕವಲೊಡೆಯುತ್ತ ಅಂಚಿನವರೆಗೆ ಹರಿದಿದ್ದವು. ಹಿಟ್ಟು ಅವುಗಳ ನಡುವೆ ಗಟ್ಟಿಯಾಗಿ ಕೂತಿತು. ನಾನು ತಿನ್ನುವುದರಲ್ಲಿ ಮಾತ್ರ ಪಂಡಿತ.

"ಒಂದು ಎಲೆ ಕೊಡಿ."

"ಕೊಡುವ. ನಿನ್ನ ಪಾಲಿನ ಪತ್ರೊಡೆಯಲ್ಲಿ ಒಂದು ಸುತ್ತು ಕಡಿಮೆ."

ಈ ಸಲ ಬೆನ್ನನ್ನು ಸ್ಕ್ಯಾನ್ ಮಾಡಿದೆ. ಚಿನ್ನ ಹೋಯಿತು, ಇಬ್ಬನಿ ಹೋಯಿತು. ಮೊದಲ ಪದ ತೊಟ್ಟಿನ ಬುಡಕ್ಕೆ, ಆಮೇಲಿನ ಸಾಲುಗಳು ಒಂದೊಂದು ನರದ ಗುಂಟ. ನರ ಕವಲೊಡೆದಲ್ಲಿ ಸಾಲೂ ಒಡೆಯುತ್ತದೆ. ಪರದೆಯ ಮೇಲೆ ಅಕ್ಷರಗಳು ನಿಧಾನವಾಗಿ ಇಳಿಯುವಂತೆ ಮಾಡಿದೆ. ಕವಿತೆಯ ಆರಂಭ ಹೀಗಿತ್ತು:

ಬಾವಿಗಿಳಿದ ಹಗ್ಗಕ್ಕೆ ಮಾತ್ರ ಗೊತ್ತು
ನೀರಿನ ಮನೆಗೆ ಎಷ್ಟು ಮೆಟ್ಟಿಲು

ಶನಿವಾರ ಸಂಜೆ ಮೇಷ್ಟ್ರಿಂದ ಎರಡೇ ಪದ ಬಂತು: "ಇದು ಬರಲಿ." ಯಾರೋ ಶಾಸಕರ ಕೆನ್ನೆಯನ್ನು ಅರ್ಧ ಬೆಳ್ಳಗೆ ಮಾಡಿ ಬಿಟ್ಟು ಕುಣಿದೆ.

ಪ್ರದರ್ಶನಕ್ಕೆ ದೊಡ್ಡಮ್ಮ ಬೆಳ್ತಂಗಡಿಯಲ್ಲಿ ಬಸ್ಸು ಬದಲಾಯಿಸಿ ಬಂದರು. ಕವಿತೆ ಬರೆದವರು ತಾವೆಂದು ಹೇಳಕೂಡದೆಂದು ಆಣೆ ಹಾಕಿಸಿ, ಮೂಲೆಯ ಕುರ್ಚಿಯಲ್ಲಿ ಕೂತರು. ನಮ್ಮ ಎಲೆಯ ಮುಂದೆ ಇಬ್ಬರು ಕಾಲೇಜು ಹುಡುಗಿಯರು ಕತ್ತು ಓರೆ ಮಾಡಿ ನಿಂತಿದ್ದರು. ಒಬ್ಬಳು ಜೋರಾಗಿ ನಕ್ಕಳು. ದೊಡ್ಡಮ್ಮನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು.

"ಇಲ್ಲಿ ನೋಡೇ," ಹುಡುಗಿ ಗೆಳತಿಗೆ ಹೇಳುತ್ತಿದ್ದಳು, "ಹಗ್ಗ ಇಳಿದ ಹಾಗೆಯೇ ಇಳೀತಾ ಉಂಟು! ಇನ್ನೊಂದು ಸಲ ಓದುವ."

ಓದಿದರು. ಅವರ ಹಿಂದೆ ಜನ ಸೇರಿದರು. ಎಲ್ಲರ ಕತ್ತೂ ಒಂದೇ ಕಡೆ ವಾಲಿತ್ತು. ಮೇಷ್ಟ್ರು ಬಂದು, "ಕವಿತೆ ಯಾರದ್ದು?" ಎಂದರು. ನಾನು ಆಣೆಗೆ ಹೆದರಿ ಬಾಯಿ ಮುಚ್ಚಿಕೊಂಡೆ, ಜೀವನದಲ್ಲಿ ಮೊದಲ ಸಲ.

"ನನ್ನದು," ಎಂದು ದೊಡ್ಡಮ್ಮ ಎದ್ದು ನಿಂತರು.

ಚಿತ್ರದ ಕಡೆ ನೋಡದೆ ಪೂರ್ತಿ ಹೇಳಿದರು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ, ಒಂದೊಂದು ಅಕ್ಷರವನ್ನೂ ಬಿಡಿಸಿ. ಚಪ್ಪಾಳೆ ನಿಂತ ಮೇಲೆ ಮೇಷ್ಟ್ರು ಕೇಳಿದರು, "ಇನ್ನೂ ಉಂಟಾ ಅಮ್ಮ?"

"ಎರಡು ಚೀಲ ಉಂಟು," ಎಂದರು ದೊಡ್ಡಮ್ಮ, ಅಪ್ಪಟ ಮೇಷ್ಟ್ರದೇ ಮೂಗಿನ ಸ್ವರದಲ್ಲಿ.

ಇಡೀ ಸಭಾಂಗಣ ನಕ್ಕಿತು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ನಮ್ಮ ಮನೆತನದಲ್ಲಿ ಅಣಕಿಸುವುದು ಯಾರಿಂದ ಬಂದದ್ದೆಂದು ನನಗೆ ಅಂದು ತಿಳಿಯಿತು.