ಹೊಟ್ಟೆಯ ಕತೆಯ ಉಳಿದರ್ಧ

ಎಂ.ಎ. ಮಾಡಿದವಳು ದ್ರಾಕ್ಷಿ ಆರಿಸುವವರ ಮಧ್ಯೆ ನಿಂತಿದ್ದಾಳೆ ಎಂದು ನಮ್ಮ ಬಂಧುಬಳಗ ಬಹಳ ದಿನ ನಕ್ಕಿತು. ನಗಲಿ. ನಾನು ಬೀದರ್ ಜಿಲ್ಲೆಯವಳು. ಅಕ್ಕನ ಮನೆ ಔರಂಗಾಬಾದಿನಲ್ಲಿ ಇದ್ದುದರಿಂದ ಅಲ್ಲೇ ಇದ್ದು ಇತಿಹಾಸದಲ್ಲಿ ಎಂ.ಎ. ಓದಿದೆ. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರು. ನಮ್ಮ ಕಾಲದಲ್ಲಿ ಔರಂಗಾಬಾದೇ. ಓದು ಮುಗಿಸಿ ಕಾಲೇಜು ಕಾಲೇಜು ಅಲೆದೆ. ಎಲ್ಲ ಕಡೆಯೂ ನನ್ನ ಸರ್ಟಿಫಿಕೇಟಿಗಿಂತ ಡೊನೇಶನ್ನಿನ ಮಾತೇ ಮುಂದೆ ಬಂತು. ಅಷ್ಟರಲ್ಲಿ ಮದುವೆಯಾಯಿತು. ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ನಾಸಿಕಿಗೆ ಬಂದವಳಿಗೆ ಸಿಕ್ಕಿದ್ದು ದಿಂಡೋರಿ ಕಡೆಯ ಒಂದು ಪ್ಯಾಕ್‌ಹೌಸಿನಲ್ಲಿ ಕ್ವಾಲಿಟಿ ನೋಡುವ ಕೆಲಸ. ರೋಮ್ ಸಾಮ್ರಾಜ್ಯ ಓದಿದವಳು ಕೊಳೆತ ಹಣ್ಣು ಹುಡುಕುವುದರಲ್ಲಿ ತಪ್ಪೇನಿಲ್ಲ, ಎರಡೂ ಒಂದೇ ತರಹದ ಕೆಲಸ ಎಂದು ನಾನೇ ತಮಾಷೆ ಮಾಡಿಕೊಳ್ಳುತ್ತಿದ್ದೆ.

ಪ್ಯಾಕ್‌ಹೌಸ್ ಎಂದರೆ ತೋಟದಿಂದ ಬಂದ ದ್ರಾಕ್ಷಿಯನ್ನು ಆರಿಸಿ, ಡಬ್ಬಕ್ಕೆ ತುಂಬಿ, ತಣ್ಣಗೆ ಮಾಡಿ, ಕಂಟೇನರಿನಲ್ಲಿ ವಿದೇಶಕ್ಕೆ ಕಳಿಸುವ ಜಾಗ. ಉದ್ದನೆಯ ಸ್ಟೀಲ್ ಮೇಜುಗಳು, ಅದರ ಎರಡೂ ಬದಿಗೆ ತಲೆಗೆ ಟೊಪ್ಪಿಗೆ ಹಾಕಿಕೊಂಡ ಹೆಂಗಸರು. ಗೊಂಚಲನ್ನು ತೊಟ್ಟಿನಿಂದ ಹಿಡಿದು, ಹಣ್ಣಿನ ಮೇಲೆ ತಾನೇ ಕೂತಿರುವ ಬೂದಿಬಣ್ಣದ ಪುಡಿ ಅಳಿಸದ ಹಾಗೆ, ಸಣ್ಣದನ್ನೂ ಒಡೆದದ್ದನ್ನೂ ಮೊನಚು ಕತ್ತರಿಯಿಂದ ತೆಗೆಯಬೇಕು. ಬೆಳಿಗ್ಗೆ ಜೀಪಿನಿಂದ ಇಳಿದ ಮೇಲೆ ಊಟದ ಹೊತ್ತಿನ ತನಕ ನಿಂತೇ, ಊಟ ಆದ ಮೇಲೆ ಕತ್ತಲಾಗುವ ತನಕ ನಿಂತೇ. ದ್ರಾಕ್ಷಿಗೆ ತಂಪು ಕೋಣೆ, ಮೆತ್ತನೆಯ ಕಾಗದ, ಗಾಳಿಯಾಡುವ ಡಬ್ಬ. ಅದನ್ನು ಆರಿಸುವವರಿಗೆ ಕೂರಲು ಒಂದು ಮಣೆಯೂ ಇಲ್ಲ.

ಆ ಹೆಂಗಸರಲ್ಲಿ ಹಿರಿಯಳನ್ನು ಎಲ್ಲರೂ ಮಾವಶಿ ಎನ್ನುತ್ತಿದ್ದರು, ಎಂದರೆ ಚಿಕ್ಕಮ್ಮ. ದಿಂಡೋರಿಯ ಆಚೆ, ಗುಡ್ಡದ ಬುಡದ ಒಂದು ಪಾಡಾದವಳು, ಎಂದರೆ ಆದಿವಾಸಿ ಹಾಡಿಯವಳು. ಅವಳ ಮೊಣಕಾಲ ಕೆಳಗೆ ನರಗಳು ಗಂಟುಗಂಟಾಗಿ ಉಬ್ಬಿದ್ದವು. ಸೀರೆಯ ನೆರಿಗೆ ಸ್ವಲ್ಪ ಎತ್ತಿ ನನಗೆ ಒಮ್ಮೆ ತೋರಿಸಿದಳು, ಮತ್ತೆ ಆ ಮಾತು ಎತ್ತಲಿಲ್ಲ. ಅವಳೇ ಎಲ್ಲರ ಪರವಾಗಿ ಮಾಲೀಕರ ಮುಂದೆ ಹೋಗಿ ಎರಡು ಕೇಳಿದಳು. ಒಂದು, ಮೇಜಿನ ಎತ್ತರಕ್ಕೆ ಸರಿಹೋಗುವ ಸ್ಟೂಲು. ಎರಡನೆಯದು, ವಾರಕ್ಕೊಮ್ಮೆ ಮುಕಾದಂ ಮತ್ತು ಮ್ಯಾನೇಜರು ಕೂತು ಮಾತಾಡುವ ಮೀಟಿಂಗಿನಲ್ಲಿ ಹೆಂಗಸರ ಪೈಕಿ ಒಬ್ಬಳಿಗೆ ಜಾಗ. ಮುಕಾದಂ ಎಂದರೆ ಈ ಹೆಂಗಸರನ್ನು ಪಾಡಾಗಳಿಂದ ಜೀಪಿನಲ್ಲಿ ತುಂಬಿಕೊಂಡು ಬರುವ ಗುತ್ತಿಗೆಯವ. ಮಾಲೀಕರು ನಕ್ಕು, ಕೂತರೆ ಕೈ ಮಂದವಾಗುತ್ತದೆ ಮಾವಶಿ ಎಂದರು. ತಾವು ಗಾಲಿ ಇರುವ ಕುರ್ಚಿಯಲ್ಲಿ ಕೂತೇ ಹೇಳಿದರು.

ಹೆಂಗಸರು ಗೊಣಗತೊಡಗಿದರು. ಆಗ ಮಾಲೀಕರು ಮಾಡಿದ ಉಪಾಯ ಕೇಳಿ. ಔರಂಗಾಬಾದಿನಿಂದ ಒಬ್ಬ ಭಾಷಣಕಾರನನ್ನು ಕರೆಸಿದರು. ಕಂಪನಿ ಕಂಪನಿಗೆ ಹೋಗಿ ಕೆಲಸಗಾರರಿಗೆ ಹುರುಪು ತುಂಬುವವನಂತೆ. ಕಾರಿನಿಂದ ಇಳಿದವನನ್ನು ನೋಡಿದರೆ ನನ್ನದೇ ಕ್ಲಾಸಿನವನು! ಭಾಲ್ಕಿ ಕಡೆಯವನು, ಎಂ.ಎ.ಯ ಎರಡೂ ವರ್ಷ ಮುಂದಿನ ಬೆಂಚಿನಲ್ಲಿ ಕೂತವನು. ನನ್ನನ್ನು ಕಂಡು ಬಾಯಿ ತುಂಬ ನಕ್ಕು, "ಏನ್ರೀ, ನೀವು ಇಲ್ಲಿ ಏನ್ ಮಾಡಾಕತ್ತೀರಿ?" ಎಂದ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನಾಸಿಕಿನಲ್ಲಿ ನಮ್ಮ ಕಡೆಯ ಕನ್ನಡ ಕೇಳಿದರೆ ಮನಸ್ಸು ಅರಳುತ್ತದೆ.

ಆ ಖುಷಿ ಅವನು ಮೈಕ್ ಹಿಡಿಯುವ ತನಕ ಮಾತ್ರ. ಕ್ರೇಟುಗಳನ್ನು ಒಟ್ಟಿದ ಅಂಗಳದಲ್ಲಿ ಹೆಂಗಸರನ್ನು ನಿಲ್ಲಿಸಿದ್ದರು. ಹೌದು, ನಿಲ್ಲಿಸಿದ್ದರು. ಮಾಲೀಕರಿಗೂ ಅವನಿಗೂ ಬಿಳಿ ಬಟ್ಟೆ ಹೊದಿಸಿದ ಕುರ್ಚಿ. ಅವನು ಸೊಗಸಾದ ಮರಾಠಿಯಲ್ಲಿ ಪ್ರಾಚೀನ ರೋಮಿನ ಕತೆ ಶುರುಮಾಡಿದ. ಆ ಊರಿನ ಬಡವರು ಒಮ್ಮೆ ಮುನಿಸಿಕೊಂಡು ಊರು ಬಿಟ್ಟು ಬೆಟ್ಟದ ಮೇಲೆ ಹೋಗಿ ಕೂತರಂತೆ. ಆಳುವ ಸಿರಿವಂತರ ಸಭೆ, ಅದೇ ಸೆನೆಟ್, ಒಬ್ಬ ಬುದ್ಧಿವಂತ ಹಿರಿಯನನ್ನು ಅವರ ಬಳಿಗೆ ಕಳಿಸಿತಂತೆ. ಆ ಹಿರಿಯ ಹೇಳಿದ: ಒಂದು ಸಲ ಕೈ, ಬಾಯಿ, ಹಲ್ಲು ಎಲ್ಲ ಸೇರಿ ಹೊಟ್ಟೆಯ ಮೇಲೆ ಸಿಟ್ಟಾದವು. ನಾವು ದುಡಿಯುವುದು, ಇದು ಸುಮ್ಮನೆ ನಡುವೆ ಕೂತು ತಿನ್ನುವುದು ಎಂದು ಕೆಲಸ ನಿಲ್ಲಿಸಿದವು. ಹೊಟ್ಟೆಯೇನೋ ಒಣಗಿತು, ಜೊತೆಗೆ ಕೈಯೂ ಸೋತಿತು, ಬಾಯಿಯೂ ಬತ್ತಿತು. ಹೊಟ್ಟೆ ತಿಂದದ್ದು ರಕ್ತವಾಗಿ ಎಲ್ಲರಿಗೂ ಹೋಗುತ್ತಿತ್ತೆಂದು ಆಮೇಲೆ ಗೊತ್ತಾಯಿತು.

"ಈ ಕತೆ ಕೇಳಿ ಆ ಜನ ನಾಚಿ ಕೆಲಸಕ್ಕೆ ಮರಳಿದರು" ಎಂದು ಅವನು ಕೈ ಜೋಡಿಸಿದ. "ಕಂಪನಿ ಹೊಟ್ಟೆ, ನೀವು ಕೈ. ಹೊಟ್ಟೆ ತುಂಬಿದರೆ ಕೈಗೂ ಬಲ." ಮುಕಾದಂ ಚಪ್ಪಾಳೆ ಶುರುಮಾಡಿದ. ಹೆಂಗಸರೂ ತಟ್ಟಿದರು, ಪಾಪ, ತಟ್ಟದೆ ಏನು ಮಾಡುತ್ತಾರೆ.

ನನ್ನ ಮೈ ಉರಿದುಹೋಯಿತು. ಅರ್ಧಂಬರ್ಧ ತಿಳಿದವನೊಬ್ಬ ಹೀಗೆ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಇವನು ತಿಳಿದವನು. ನಾವಿಬ್ಬರೂ ಒಂದೇ ಕೋಣೆಯಲ್ಲಿ, ಒಬ್ಬರೇ ಪ್ರೊಫೆಸರರ ಬಾಯಿಂದ ಆ ಕತೆ ಕೇಳಿದವರು. ನಮ್ಮ ಪ್ರೊಫೆಸರರು ಹೊಟ್ಟೆಯ ಕತೆ ಹೇಳಿ ಮುಗಿಸಿ, ಪುಸ್ತಕ ಮುಚ್ಚಿ, "ಇಷ್ಟಕ್ಕೇ ಎದ್ದು ಬಂದಿರಬಹುದಾ ಅವರು?" ಎಂದು ಕೇಳಿದ್ದರು. ಬೆಟ್ಟದ ಮೇಲೆ ಕೂತವರು ರೋಮಿಗಾಗಿ ಯುದ್ಧ ಮಾಡಿ ಗಾಯಗೊಂಡ ಸಿಪಾಯಿಗಳು. ಎದೆಯ ಮೇಲೆ ಶತ್ರುವಿನ ಕತ್ತಿಯ ಗುರುತು, ಬೆನ್ನ ಮೇಲೆ ಸಾಲ ಕೊಟ್ಟ ಸಾಹುಕಾರನ ಚಾಟಿಯ ಗುರುತು. ಮತ್ತೆ ಯುದ್ಧ ಹೊಸ್ತಿಲಿಗೆ ಬಂದಾಗ ಅವರು ಎದ್ದು ಹೋದರು. ಒಂದು ಹೊಟ್ಟೆಯ ಕತೆಗೆ ಇಳಿದು ಬರುವ ಜನವೇ ಅದು? ತಮ್ಮ ಪರವಾಗಿ ಮಾತಾಡಲು ತಮ್ಮವರನ್ನೇ ಆರಿಸುವ ಹಕ್ಕು ಕೈಗೆ ಬಂದ ಮೇಲೆ ಇಳಿದರು. ಆ ಪ್ರತಿನಿಧಿಯನ್ನು ಯಾರೂ ಮುಟ್ಟುವ ಹಾಗಿಲ್ಲ, ಮುಟ್ಟಿದವನ ಜೀವ ತೆಗೆದರೂ ತಪ್ಪಲ್ಲ ಎಂದು ಅಷ್ಟೂ ಜನ ಆಣೆ ಮಾಡಿದರು. ಮೊದಮೊದಲು ಆ ಪ್ರತಿನಿಧಿಗಳನ್ನು ಸೆನೆಟ್ಟಿನ ಒಳಗೆ ಬಿಡುತ್ತಿರಲಿಲ್ಲವಂತೆ. ಬಾಗಿಲ ಹೊರಗೆ ಬೆಂಚು ಹಾಕಿಕೊಂಡು ಕೂತು, ಒಳಗಿನವರ ಒಂದೊಂದು ತೀರ್ಮಾನವನ್ನೂ ತರಿಸಿ ನೋಡುತ್ತಿದ್ದರಂತೆ. ಇದನ್ನೆಲ್ಲ ಹೇಳುವಾಗ ಪ್ರೊಫೆಸರರ ಮುಖ ಕೆಂಪಾಗುತ್ತಿತ್ತು. ಮುಂದಿನ ಬೆಂಚಿನವನು ತಲೆ ಎತ್ತದೆ ಬರೆದುಕೊಂಡಿದ್ದ.

"ಸರ್, ಕತೆ ಇನ್ನೂ ಮುಗಿದಿಲ್ಲ" ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಅವನು ಮೈಕಿನ ಮೇಲೆ ಕೈ ಮುಚ್ಚಿ, ಕನ್ನಡದಲ್ಲಿ ಮೆಲ್ಲಗೆ, "ಬಿಡ್ರೀ, ಇದೇನ್ ಪರೀಕ್ಷಾ ಹಾಲೇನ್ರೀ? ಅಷ್ಟ ಹೇಳಂತ ಕರಸ್ಯಾರ, ಅಷ್ಟ ಹೇಳೇನಿ" ಎಂದ. ನಾನು ಹೆಂಗಸರ ಕಡೆ ತಿರುಗಿ, ನನಗೆ ಬಂದಷ್ಟು ಮರಾಠಿಯಲ್ಲಿ, ಸಿಪಾಯಿಗಳ ಬೆನ್ನಿನಿಂದ ಹಿಡಿದು ಬಾಗಿಲ ಹೊರಗಿನ ಬೆಂಚಿನ ತನಕ, ಆಣೆಯನ್ನೂ ಬಿಡದೆ, ಪೂರ್ತಿ ಹೇಳಿದೆ. ಮ್ಯಾನೇಜರು ನಡುವೆ ಎರಡು ಸಲ ಕೆಮ್ಮಿದರು. ಮಾವಶಿ ಒಂದೇ ಒಂದು ಪ್ರಶ್ನೆ ಕೇಳಿದಳು. ನನ್ನನ್ನು ಅವಳು ಬಾಯಿ ಎನ್ನುತ್ತಿದ್ದಳು, ಮರಾಠಿಯಲ್ಲಿ ಅಮ್ಮಾವರು ಎಂದ ಹಾಗೆ.

"ಅವರು ಬೆಟ್ಟದ ಮೇಲೆ ಏನು ಮಾಡುತ್ತಿದ್ದರು ಬಾಯಿ? ಹೊಡೆದಾಟವಾ?"

"ಏನೂ ಇಲ್ಲ. ಸುಮ್ಮನೆ ಕೂತಿದ್ದರು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು.

ಮರುದಿನ ಬೆಳಿಗ್ಗೆ ಜೀಪು ಬಂತು, ಹೆಂಗಸರು ಇಳಿದರು, ಪ್ಯಾಕ್‌ಹೌಸಿನ ಎದುರಿನ ಬೇವಿನ ಮರದ ಕೆಳಗೆ ಹೋಗಿ ಕೂತರು. ಕೂಗಾಟವಿಲ್ಲ, ಘೋಷಣೆಯಿಲ್ಲ. ಕಾಲು ಚಾಚಿಕೊಂಡು, ತಂಬಾಕು ತಿಕ್ಕಿಕೊಂಡು, ಒಬ್ಬರ ಹೇನು ಒಬ್ಬರು ನೋಡಿಕೊಂಡು ಕೂತರು. ಸುಗ್ಗಿಯ ನಟ್ಟನಡುವಿನ ದಿನ. ಒಳಗೆ ತೋಟದಿಂದ ಬಂದ ಕ್ರೇಟುಗಳು ಗೋಡೆಯ ಎತ್ತರ ಏರುತ್ತಿದ್ದವು, ಹೊರಗೆ ಕಂಟೇನರಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ದ್ರಾಕ್ಷಿ ಯಾರ ಮಾತೂ ಕೇಳುವುದಿಲ್ಲ, ಬಿಸಿಲೇರಿದರೆ ಬಾಡುತ್ತದೆ. ಮುಕಾದಂ ಬಂದು ಬೈದ, ಮ್ಯಾನೇಜರು ಬಂದು ಬೆಣ್ಣೆ ಹಚ್ಚಿದರು, ಮಾವಶಿ ತಂಬಾಕು ತಿಕ್ಕುತ್ತಲೇ ಇದ್ದಳು. ಮಧ್ಯಾಹ್ನದೊಳಗೆ ನಾಸಿಕಿನಿಂದ ಒಂದು ಟೆಂಪೋ ತುಂಬ ಸ್ಟೂಲು ಬಂದವು.

ಮಾಲೀಕರು ಮಾವಶಿಗೆ ಕೈ ಮುಗಿದು, "ನೀವು ಕೇಳಿದ್ದು ಬಂತಲ್ಲ, ಇನ್ನು ಏಳಿ" ಎಂದರು. ಮೀಟಿಂಗಿನ ಜಾಗ ಎಂದು ಅವಳು ನೆನಪಿಸಿದಳು. ನೋಡೋಣ, ಈ ಸುಗ್ಗಿ ಮುಗಿಯಲಿ ಎಂದರು. ಹೆಂಗಸರು ಅಷ್ಟರಲ್ಲಿ ಸ್ಟೂಲು ಇಳಿಸಿಕೊಳ್ಳಲು ಓಡಿಯಾಗಿತ್ತು. ಎದುರು ಮಾತಾಡಿದ್ದಕ್ಕೆ ನನಗೆ ಏನೂ ಆಗಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸುವುದು. ನಾನು ಓದಿದವಳು, ದೊಡ್ಡ ಕಾರ್ಖಾನೆಯವನ ಹೆಂಡತಿ, ಆಫೀಸಿನವಳು. "ಮೇಡಂ ಪ್ರೊಫೆಸರ್ ಆಗಬೇಕಿತ್ತು" ಎಂದು ಮಾಲೀಕರು ನಗಾಡಿ ನನ್ನನ್ನು ಬಿಟ್ಟುಬಿಟ್ಟರು.

ಸುಗ್ಗಿ ಮುಗಿದು, ಮಳೆಗಾಲ ಶುರುವಾದ ಮೇಲೆ ಒಂದು ದಿನ ಔರಂಗಾಬಾದಿನಿಂದ ಆ ಭಾಷಣಕಾರನ ಫೋನ್ ಬಂತು. ಕ್ಷಮೆ ಕೇಳುತ್ತಾನೆ ಎಂದುಕೊಂಡೆ, ನನ್ನ ದಡ್ಡತನಕ್ಕೆ ಏನು ಹೇಳಲಿ.

"ನಿಮ್ಮ ಮಾಲಕರು ಹೇಳಿದ ಸ್ಟೂಲಿನ ಕತಿ ಭಾಳ ಹಿಟ್ ಆಗೇದ್ರೀ" ಎಂದ. "ಇಲ್ಲಿ ಕಂಪನ್ಯಾಗೆಲ್ಲಾ ಹೇಳಾಕತ್ತೀನಿ. ಮಾಲಕ ಒಂದಿನ ಒಬ್ಬ ಮುದುಕಿ ಕಾಲು ನೋಡ್ತಾನ, ಅವನ ಕಣ್ಣಾಗ ನೀರ್ ಬರ್ತಾವ, ಟೆಂಪೋ ತುಂಬ ಸ್ಟೂಲ್ ತರಸ್ತಾನ. ಮಂದಿ ಅಳ್ತಾರ್ರೀ!"

"ಅವರು ಮರದ ಬುಡಕ್ಕ ಕುಂತದ್ದು?"

"ಅದನ್ಯಾರು ಕೇಳ್ತಾರ್ರೀ?"

ಫೋನ್ ಇಟ್ಟೆ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದ ಸದ್ದಿಗೆ ಗಂಡ ಹೊರಗಿನಿಂದ ಎದ್ದು ಬಂದು, "ಏನಾತು? ಯಾರ ಮ್ಯಾಲ ಇಷ್ಟ ಸಿಟ್ಟು?" ಎಂದರು. ಎರಡು ಸಾವಿರ ಚಿಲ್ಲರೆ ವರ್ಷದಿಂದ ಅದೇ ಕತೆಯನ್ನು ಅಲ್ಲೇ ಕತ್ತರಿಸಿ ಬಡವರ ಕಿವಿಯ ಮೇಲೆ ಹೂವಿಡುತ್ತಿರುವವರೆಲ್ಲರ ಮೇಲೆ ಎಂದೆ. ಅವರು ಬಂದ ದಾರಿಯಲ್ಲೇ ಹಿಂದಕ್ಕೆ ಹೋದರು. ಅವನು ಹಳೆಯ ಕತೆಯ ಬಾಲ ಕತ್ತರಿಸಿದ್ದು ಸಾಲದೆ, ಈಗ ನನ್ನ ಕಣ್ಣೆದುರು ನಡೆದದ್ದರ ತಲೆಯನ್ನೂ ಕತ್ತರಿಸಿದ್ದ.

ಮುಂದಿನ ಸುಗ್ಗಿ ಶುರುವಾಯಿತು. ಸ್ಟೂಲುಗಳಿದ್ದವು, ಹೆಂಗಸರು ಕೂತೇ ಆರಿಸುತ್ತಿದ್ದರು, ಕೈಯೇನೂ ಮಂದವಾಗಿರಲಿಲ್ಲ. ಮಾವಶಿ ಮಾತ್ರ ಇರಲಿಲ್ಲ. ಮುಕಾದಂನನ್ನು ಕೇಳಿದರೆ "ಜೀಪು ಫುಲ್ಲು ಮೇಡಂ" ಎಂದ. ಹೆಂಗಸರನ್ನು ಕೇಳಿದರೆ ಗೊಂಚಲಿನಿಂದ ತಲೆ ಎತ್ತಲಿಲ್ಲ. ಮೀಟಿಂಗಿನಲ್ಲಿ ಅವರ ಪೈಕಿ ಯಾರಿಗೂ ಜಾಗ ಸಿಕ್ಕಿರಲಿಲ್ಲ, ಕೇಳುವವಳೇ ಇಲ್ಲದ ಮೇಲೆ ಯಾರು ಕೊಡುತ್ತಾರೆ? ಪ್ರತಿನಿಧಿಯ ಮೈ ಮುಟ್ಟಬಾರದು ಎಂಬ ಬುದ್ಧಿ ಆ ಕಾಲದ ರೋಮಿಗೇ ಇತ್ತು. ಇಲ್ಲಿ ಮುಟ್ಟುವ ಅಗತ್ಯವೂ ಬೀಳಲಿಲ್ಲ. ಒಂದು ಬಾಗಿಲ ಮುಂದೆ ಜೀಪು ನಿಲ್ಲದಿದ್ದರೆ ಆಯಿತು.

ನಾನು ಬಿಡುವವಳಲ್ಲ. ಮರುದಿನ ಮೊದಲ ಬಸ್ಸಿಗೆ ದಿಂಡೋರಿಗೆ ಹೋಗಿ, ಹೆಂಗಸರನ್ನು ತುಂಬಿಕೊಳ್ಳಲು ಹೊರಟಿದ್ದ ಜೀಪು ಹತ್ತಿ ಡ್ರೈವರನ ಪಕ್ಕ ಕೂತೆ. ಒಂದೊಂದು ಪಾಡಾದಲ್ಲಿ ಇಬ್ಬಿಬ್ಬರು ಮೂವರು ಹತ್ತಿದರು. ನನ್ನನ್ನು ನೋಡಿ ಎಲ್ಲರೂ ಮುಖ ಆಚೆ ತಿರುಗಿಸಿಕೊಂಡು ಕೂತರು. ಮಾವಶಿಯ ಮನೆ ಹತ್ತಿರ ಬಂದಾಗ ಡ್ರೈವರ್ ವೇಗ ಹೆಚ್ಚಿಸಿದ.

"ನಿಲ್ಲಿಸು" ಎಂದೆ.

"ಮುಕಾದಂ ಬೇಡ ಅಂದಿದ್ದಾನೆ ಮೇಡಂ."

"ನಾನು ಹೇಳ್ತಿದ್ದೇನೆ, ನಿಲ್ಲಿಸು."

ನಿಲ್ಲಿಸಿದ. ಮಾವಶಿ ಬಾಗಿಲಲ್ಲೇ ನಿಂತಿದ್ದಳು. ತಲೆಗೆ ಕೆಲಸದ ಬಟ್ಟೆ ಬಿಗಿದಿದ್ದಳು, ಕೈಯಲ್ಲಿ ರೊಟ್ಟಿಯ ಗಂಟು. ನಾನು ಬರುವುದು ಅವಳಿಗೆ ಗೊತ್ತಿರಲಿಲ್ಲ. ದಿನವೂ ಹೀಗೇ ತಯಾರಾಗಿ ನಿಲ್ಲುತ್ತಿದ್ದಳು ಎಂದು ಆಗ ನನಗೆ ಹೊಳೆಯಿತು.

"ಬಾ ಮಾವಶಿ, ಹತ್ತು" ಎಂದೆ. ಅವಳು ಜೀಪಿನ ಹಿಂದುಗಡೆಗೆ ಬಂದಳು, ಒಳಗೆ ಕೂತವರನ್ನು ನೋಡಿದಳು. ಆ ಜೀಪುಗಳಲ್ಲಿ ಇನ್ನೊಬ್ಬರಿಗೆ ಜಾಗ ಇಲ್ಲ ಎಂಬುದೇ ಇಲ್ಲ. ಮೊಣಕಾಲು ಸ್ವಲ್ಪ ಓರೆ ಮಾಡಿದರೆ ಸಾಕು. ಯಾರ ಮೊಣಕಾಲೂ ಅಲುಗಲಿಲ್ಲ. ಕೊನೆಗೆ, ಪಾಡಾದ ತುದಿಯಲ್ಲೇ ಬಂದು ಹತ್ತಿದ್ದ ಅವಳ ಪಕ್ಕದ ಮನೆಯಾಕೆಯೇ ನೆಲ ನೋಡುತ್ತ ಹೇಳಿದಳು, "ಜಾಗ ಇಲ್ಲ ಮಾವಶಿ."

ಮಾವಶಿ ಸುತ್ತಿಕೊಂಡು ನನ್ನ ಬಾಗಿಲಿನ ಹತ್ತಿರ ಬಂದಳು. ಅವಳ ಮುಖದಲ್ಲಿ ಅದುವರೆಗೆ ನಾನು ಕಾಣದ ಸಿಟ್ಟಿತ್ತು, ಆ ಸಿಟ್ಟು ನನ್ನ ಮೇಲೆ ಇತ್ತು.

"ಯಾಕೆ ನಿಲ್ಲಿಸಿದಿರಿ ಬಾಯಿ?" ಎಂದಳು. "ದಿನಾ ಇವನು ಜೀಪು ಹಾರಿಸಿಕೊಂಡು ಹೋಗುತ್ತಿದ್ದ. ಇವರು ನನ್ನನ್ನು ನೋಡಲೇ ಇಲ್ಲ ಅಂದುಕೊಂಡು ಒಳಗೆ ಹೋಗುತ್ತಿದ್ದೆ."