ಶಾಲು ಹೊದಿಸುವ ಠರಾವು

ದಾನ ಮಾಡುವವರಿಗೆ ಬುದ್ಧಿ ಹೇಳುವುದು ನನ್ನ ಕಸುಬು. ಹೀಗೆಂದರೆ ನಮ್ಮ ಅತ್ತೆ ಈಗಲೂ ನಗುತ್ತಾರೆ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದ ಮೇಲೆ ಇಪ್ಪತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಸಿರಿವಂತ ಮನೆತನಗಳು ಹಿರಿಯರ ಹೆಸರಿನಲ್ಲಿ ಟ್ರಸ್ಟ್ ಕಟ್ಟುತ್ತವೆ, ಆಮೇಲೆ ಅದನ್ನು ನಡೆಸುವ ಬಗೆ ತಿಳಿಯದೆ ನನ್ನನ್ನು ಕರೆಯುತ್ತವೆ. ಸಭೆ ಹೇಗೆ ಸೇರಬೇಕು, ಯಾರು ಯಾರಿಗೆ ಉತ್ತರ ಹೇಳಬೇಕು, ಹಿರಿಯರ ನಂತರ ಯಾರು, ಇದನ್ನೆಲ್ಲ ಬರೆದುಕೊಡುತ್ತೇನೆ. ಅವರು ತಲೆಯಾಡಿಸುತ್ತಾರೆ, ಒಳ್ಳೆಯ ಚಹಾ ಕೊಡುತ್ತಾರೆ, ತಮಗೆ ಬೇಕಾದದ್ದನ್ನೇ ಮಾಡುತ್ತಾರೆ. ಆ ಸಿಟ್ಟನ್ನು ಮನೆಗೆ ತಂದು ಪಾತ್ರೆಗಳ ಮೇಲೆ ತೀರಿಸಿಕೊಳ್ಳುವುದು ನನಗೆ ರೂಢಿ.

ಒಂದು ಸಿಟ್ಟು ಮಾತ್ರ ಹಾಗೆ ತೀರಲಿಲ್ಲ.

ಆ ಮನೆತನದವರು ವಿಜಯಪುರದ ಕಡೆಯವರು. ಮೂರು ತಲೆಮಾರಿನಿಂದ ಪುಣೆಯಲ್ಲೇ ಇದ್ದಾರೆ, ನಿಗಡಿಯಲ್ಲಿ ಮನೆ, ತಳೇಗಾಂವದಲ್ಲಿ ಕಾರ್ಖಾನೆ. ಅಜ್ಜನ ಹೆಸರಿನ ಟ್ರಸ್ಟಿನಿಂದ ಯೆರವಡಾದ ಬಡವರ ಬಸ್ತಿಯಲ್ಲಿ ಒಂದು ಪಾಳಣಾಘರ, ಅಂದರೆ ಕೂಸಿನ ಮನೆ, ನಡೆಯುತ್ತಿತ್ತು. ಮನೆಗೆಲಸಕ್ಕೆ, ಐಟಿ ಪಾರ್ಕಿನಲ್ಲಿ ನೆಲ ಒರೆಸಲಿಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ಏಳಕ್ಕೆ ಮಕ್ಕಳನ್ನು ಅಲ್ಲಿ ಬಿಟ್ಟು ಸಂಜೆ ಏಳಕ್ಕೆ ಕರೆದೊಯ್ಯುತ್ತಿದ್ದರು. ಹತ್ತೊಂಬತ್ತು ವರ್ಷ ಅದನ್ನು ನಡೆಸಿದವರು ಕಲಬುರಗಿ ಕಡೆಯ ಒಬ್ಬ ಹೆಂಗಸು. ಎಲ್ಲರಿಗೂ ಅವರು ಅಕ್ಕ. ಯಾವ ಕೂಸಿಗೆ ಯಾವಾಗ ಕೆಮ್ಮು ಬರುತ್ತದೆ, ಯಾರ ಅಪ್ಪ ಕುಡಿದು ಬಂದರೆ ಮಗು ಕೊಡಬಾರದು, ಎಲ್ಲ ಅವರ ತಲೆಯಲ್ಲಿತ್ತು.

ಟ್ರಸ್ಟಿಗಳ ಸಭೆ ನಡೆಯುತ್ತಿದ್ದದ್ದು ಅಕ್ಕನ ಕೋಣೆಯಲ್ಲೇ. ಆ ಹೊತ್ತಿಗೆ ಅಕ್ಕ ಮಾತ್ರ ಹೊರಗೆ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಫೈಲು ಹಿಡಿದು ಕೂತಿರಬೇಕು. ಒಳಗಿನವರಿಗೆ ಏನಾದರೂ ತಿಳಿಯದಿದ್ದರೆ ಒಬ್ಬರು ಬಾಗಿಲು ಸರಿಸಿ ಕೇಳುವರು, ಇವರು ಎದ್ದು ನಿಂತು ಉತ್ತರ ಕೊಡುವರು, ಮತ್ತೆ ಬಾಗಿಲು ಮುಚ್ಚುವುದು. ಅದನ್ನು ಮೊದಲ ಸಲ ನೋಡಿದಾಗ ನನಗೆ ಮೈ ಉರಿಯಿತು. ನಡೆಸುವವರು ಸಭೆಯಲ್ಲಿ ಕೂರಲೇಬೇಕು ಎಂದು ರಿಪೋರ್ಟಿನ ಮೊದಲ ಪುಟದಲ್ಲೇ ಬರೆದೆ. "ಭಾಳ ಚಲೋ ಸಲಹಾ ಕೊಟ್ರಿ ಮೇಡಂ," ಎಂದರು ಅಧ್ಯಕ್ಷರು. ಒಂದು ವರ್ಷ ಏನೂ ಆಗಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರ ಕಿರಿಯ ಸೊಸೆ ಮಕ್ಕಳ ಶಿಕ್ಷಣದ ಯಾವುದೋ ಕೋರ್ಸು ಮುಗಿಸಿದಳು. ಪಾಳಣಾಘರವನ್ನು ಬೆಳಿಗ್ಗೆ ಒಂಬತ್ತರಿಂದ ಒಂದರವರೆಗಿನ ಚಂದದ ಶಾಲೆಯನ್ನಾಗಿ ಮಾಡಬೇಕೆಂದು ಆಕೆಗೆ ಆಸೆ. ಅಕ್ಕ ಅಧ್ಯಕ್ಷರ ಮುಖದ ಮೇಲೇ ಕೇಳಿದರು: "ಒಂದಕ್ಕ ಕೂಸು ಯಾರ ಕೈಯಾಗ ಕೊಡ್ಲಿರಿ? ಅವರವ್ವ ಬರೂದು ಏಳಕ್ಕ."

ಸ್ವಲ್ಪ ದಿನಕ್ಕೆ ಅಧ್ಯಕ್ಷರು ನನಗೆ ಫೋನ್ ಮಾಡಿದರು. "ಈ ಸಲ ಅಕ್ಕಾವ್ರನ್ನ ಒಳಗ ಕೂಡಸ್ತೀವ್ರಿ, ನಿಮ್ಮ ರಿಪೋರ್ಟಿನ್ಯಾಗ ಐತಲ್ಲ, ಹಂಗ." ನಾನು ಹಿಗ್ಗಿದೆ. ನಾನೇ ಅಕ್ಕನಿಗೆ ಸುದ್ದಿ ಹೇಳಿದೆ. ಅವರು ಆ ವಾರವೆಲ್ಲ ತಾಯಂದಿರ ಮನೆಮನೆಗೆ ಹೋಗಿ, ಸಂಜೆ ಏಳರ ತನಕ ನಡೆಸಿರಿ ಎಂಬ ಅರ್ಜಿಗೆ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡರು.

ಸಭೆಯ ಹಿಂದಿನ ದಿನ ನನಗೊಂದು ಮೇಲ್ ಬಂತು. ನಾಳೆಯ ಸಭೆಯ ನಡಾವಳಿ! ಸಭೆ ಸೇರುವ ಮೊದಲೇ ನಡಾವಳಿ ಬರೆದಿಡುವುದು ಆ ಮನೆಯ ಪದ್ಧತಿ. ನಾನು ಎಷ್ಟು ಸಲ ಬೈದರೂ ಬಿಟ್ಟಿರಲಿಲ್ಲ. "ಭಾಷಾ ಸ್ವಲ್ಪ ನೋಡ್ರಿ" ಎಂಬ ಸಾಲು ಬೇರೆ. ಅದರಲ್ಲಿನ ಠರಾವು ಹೀಗಿತ್ತು: ಸಂಚಾಲಕಿಯವರು ಆರೋಗ್ಯದ ಕಾರಣದಿಂದ ತಾವಾಗಿ ಕೇಳಿಕೊಂಡಂತೆ ಅವರನ್ನು ಬಿಡುಗಡೆ ಮಾಡಲಾಗಿದೆ, ಶಾಲು ಮತ್ತು ಶ್ರೀಫಳ ಕೊಟ್ಟು ಸತ್ಕರಿಸಲಾಗಿದೆ, ಇನ್ನು ಮುಂದೆ ಕಿರಿಯ ಸೊಸೆ ನೋಡಿಕೊಳ್ಳುವರು.

ತಕ್ಷಣ ಅಧ್ಯಕ್ಷರಿಗೆ ಫೋನ್ ಹಚ್ಚಿ ಕೂಗಾಡಿದೆ. ಅವರು ತಣ್ಣಗೆ, "ಗೌರವದಿಂದ ಕಳಸಾಕತ್ತೀವಲ್ರಿ ಮೇಡಂ, ಸುಮ್ನ ತಗದ ಹಾಕಿದ್ವೇನು?" ಎಂದರು. ಹತ್ತು ನಿಮಿಷ ಜಗಳವಾಡಿ ಫೋನಿಟ್ಟೆ. ಆಮೇಲೆ ಏನು ಮಾಡಿದೆ? ಎರಡು ಕಾಗುಣಿತದ ತಪ್ಪು ತಿದ್ದಿ ನಡಾವಳಿಯನ್ನು ವಾಪಸ್ ಕಳಿಸಿದೆ. ಅಕ್ಕನ ನಂಬರು ನನ್ನ ಫೋನಿನಲ್ಲೇ ಇತ್ತು. ಆದರೆ ಟ್ರಸ್ಟಿಗಳ ಮಾತು ಹೊರಗೆ ಹೋಗಬಾರದೆಂಬ ನಿಯಮವಿದೆ. ಅದನ್ನು ಅವರಿಗೆ ಬರೆದುಕೊಟ್ಟವಳು ನಾನೇ.

ಮರುದಿನ ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು, ತಮ್ಮದೇ ಕೋಣೆಯಲ್ಲಿ ಅತಿಥಿಯಂತೆ ಕುರ್ಚಿಯ ತುದಿಗೆ ಕೂತರು. ಅವರು ಅರ್ಜಿ ಬಿಚ್ಚುವ ಮೊದಲೇ ಶಾಲು ಹೆಗಲೇರಿತು, ಕೈಗೆ ತೆಂಗಿನಕಾಯಿ ಬಂತು, ಸೊಸೆ ಫೋಟೋ ತೆಗೆದಳು. ಈ ಊರಿನಲ್ಲಿ ಹುಟ್ಟುಹಬ್ಬಕ್ಕೂ ಶಾಲು, ನಿವೃತ್ತಿಗೂ ಶಾಲು. ಅದನ್ನು ಹೊದ್ದುಕೊಂಡವರು ನಗಬೇಕೇ ಹೊರತು ಜಗಳ ತೆಗೆಯುವಂತಿಲ್ಲ. ಎಂಥ ಸಭ್ಯ ನೀಚತನ!

"ನಾ ಅರ್ಜಿ ತಂದೀನ್ರಿ, ಓದ್ಲೇನ್ರಿ?" ಎಂದರು ಅಕ್ಕ.

"ಮೊದ್ಲ ಚಹಾ ಆಗ್ಲಿ ಬಿಡ್ರಿ ಅಕ್ಕಾವ್ರ," ಎಂದರು ಅಧ್ಯಕ್ಷರು.

ಚಹಾದ ಜೊತೆಗೇ ನಡಾವಳಿ ಪುಸ್ತಕವೂ ಸಹಿಗೆ ಬಂತು. ಉಳಿದವರು ಓದದೆ ಸಹಿ ಹಾಕಿದರು. ಅಕ್ಕ ಕನ್ನಡಕ ಏರಿಸಿ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. "ನನ್ನ ಬಿಡ್ರಿ ಅಂತ ನಾ ಯಾವಾಗ ಕೇಳೀನ್ರಿ?" ಎಂದರು. ಅಧ್ಯಕ್ಷರು ಬಿಸ್ಕತ್ತಿನ ತಟ್ಟೆಯನ್ನು ಅವರ ಕಡೆ ಸರಿಸಿದರು. ನಾನು ನನ್ನ ಚಹಾ ಎತ್ತಿಕೊಂಡೆ. ಅವರು ಸಹಿ ಮಾಡದೆ ಪೆನ್ನು ಕೆಳಗಿಟ್ಟು, ಶಾಲು ಮಡಚಿ ಕುರ್ಚಿಯ ಮೇಲಿಟ್ಟು ಹೊರಗೆ ನಡೆದರು. ಅವರ ಸಹಿ ಇಲ್ಲದಿದ್ದರೂ ಠರಾವು ಪಾಸಾಗುತ್ತದೆ ಎಂದು ಅಧ್ಯಕ್ಷರು ನನ್ನ ಕಡೆ ನೋಡಿ ಖಾತ್ರಿ ಮಾಡಿಕೊಂಡರು. ನಾನು ಹೌದೆಂದೆ.

ಆಮೇಲೆ ಪಡಸಾಲೆಗೆ ಓಡಿದೆ. "ಅಕ್ಕಾ, ನಾ ಭಾಳ ಹೇಳಿದೆ, ಅವರು ಕೇಳಲಿಲ್ಲ," ಎಂದೆ.

"ನಿಮಗ ಯಾವಾಗ ಗೊತ್ತಾತ್ರಿ?"

"ನಿನ್ನೆ."

ಅವರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡರು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಿನ್ನೆ ಒಂದ್ ಫೋನ್ ಮಾಡಿದ್ರ ತಾಯಂದ್ರನ್ನೆಲ್ಲಾ ಕರಕೊಂಡ ಬರ್ತಿದ್ನೆಲ್ರಿ," ಎಂದರು.

ಪಾಳಣಾಘರ ಈಗ ಒಂದು ಗಂಟೆಗೆ ಮುಚ್ಚುತ್ತದೆ.